ಮಗ್ಗುಲು ಬದಲಿಸುವ ಪಾಳಿ ಯಾರದು?

ರಾತ್ರಿ ಎರಡು ಗಂಟೆಗೆ ನೀವು ಯಾವ ಕೆಲಸಕ್ಕಾಗಿ ಏಳುತ್ತೀರಿ?

ಬುಕ್ಕಸಾಗರದಂಥ ಊರಿನವರಿಗೆ ಇದು ವಿಚಿತ್ರವಾದ ಪ್ರಶ್ನೆಯೇನಲ್ಲ. ತುಂಗಭದ್ರೆಯ ದಂಡೆಯ ಈ ಊರಿನಿಂದ ಇತ್ತ ಕಮಲಾಪುರ, ಅತ್ತ ಕಂಪ್ಲಿಯವರೆಗೂ ಬಾಳೆ, ಕಬ್ಬು, ಬತ್ತದ ಹಸಿರು. ವಿಜಯನಗರದ ಅರಸರ ಕಾಲದ ಕಾಲುವೆಗಳು ಈ ಸೀಮೆಯಲ್ಲಿ ಇಂದಿಗೂ ನೀರು ಹರಿಸುತ್ತಿವೆ. ನೀರಿಗೆ ಪಾಳಿಯುಂಟು. ಪಾಳಿ ನಡುರಾತ್ರಿಗೆ ಬಂದರೆ ರೈತ ನಡುರಾತ್ರಿಯಲ್ಲೇ ಎದ್ದು, ಕೈಯಲ್ಲಿ ಬ್ಯಾಟರಿ ಹಿಡಿದು, ಹಾವು ಚೇಳುಗಳ ಭಯವನ್ನೂ ಲೆಕ್ಕಿಸದೆ ಹೊಲಕ್ಕೆ ಹೋಗುತ್ತಾನೆ. ಪಂಪ್‌ಸೆಟ್ ಇದ್ದವರಿಗೆ ಕರೆಂಟು ಬಂದ ಹೊತ್ತೇ ಪಾಳಿ. ಒಂದು ಪಾಳಿ ತಪ್ಪಿದರೆ ಬೆಳೆ ಬಾಡುತ್ತದೆ ಎಂಬುದು ಅವನಿಗೆ ಗೊತ್ತು. ಹೀಗಾಗಿ ಯಾರೂ ಅವನಿಗೆ ಉಪದೇಶ ಮಾಡಬೇಕಾಗಿಲ್ಲ.

ಈಗ ಹೀಗೊಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಮನೆಯ ಹಿರಿಯರಿಗೆ ಲಕ್ವಾ ಹೊಡೆದು ಆರು ತಿಂಗಳಾಗಿದೆ. ಎಡಗೈ ಎಡಗಾಲು ಸ್ವಾಧೀನದಲ್ಲಿಲ್ಲ. ಹೆಂಡತಿ ತೀರಿಕೊಂಡಿದ್ದಾರೆ. ದೊಡ್ಡ ಮಗ ಬೆಂಗಳೂರಿನಲ್ಲಿ, ಚಿಕ್ಕ ಮಗ ಊರಲ್ಲೇ ಬೇಸಾಯದಲ್ಲಿ. ಚಿಕ್ಕ ಸೊಸೆ ಹೊತ್ತುಹೊತ್ತಿಗೆ ಊಟ ಮಾಡಿಸುತ್ತಾಳೆ, ಬಾಯಿ ಒರೆಸುತ್ತಾಳೆ, ಗುಳಿಗೆ ಕೊಡುತ್ತಾಳೆ. ಆದರೆ ಸೊಂಟದ ಕೆಳಗೆ ಬಟ್ಟೆ ಸರಿಸಲು ಮಾವನಿಗೂ ಮನಸ್ಸಿಲ್ಲ, ಸೊಸೆಗೂ ಸಂಕೋಚ. "ಬ್ಯಾಡವ್ವಾ, ನಾ ಹಿಂಗ ಇರ್ತೀನಿ, ನೀ ಹೋಗಿ ಮಕ್ಕೊ" ಎನ್ನುತ್ತಾರೆ ಅವರು. ಮಗ ಬೆಳಿಗ್ಗೆ ಎರಡು ಮಾತನಾಡಿಸಿ ಹೊಲಕ್ಕೆ ಹೋಗುತ್ತಾನೆ. ಒಂದು ದಿನ ಕೋಣೆಯಲ್ಲಿ ಏನೋ ವಾಸನೆ. ಹೊರಳಿಸಿ ನೋಡಿದರೆ ಬೆನ್ನಿನ ಕೊನೆಯಲ್ಲಿ, ಬಾಲದೆಲುಬಿನ ಮೇಲೆ ಅಂಗೈಯಗಲದ ಹುಣ್ಣು. ಸುದ್ದಿ ಕೇಳಿದ ದೊಡ್ಡ ಮಗ ಮರುದಿನವೇ ಹಣ ಕಟ್ಟಿ ಗಾಳಿ ತುಂಬುವ ಹಾಸಿಗೆ ಕಳುಹಿಸುತ್ತಾನೆ. "ಇನ್ನು ಚಿಂತೆಯಿಲ್ಲ" ಎಂದು ಎಲ್ಲರಿಗೂ ಸಮಾಧಾನ. ಹದಿನೈದು ದಿನಗಳಲ್ಲಿ ಹಿಮ್ಮಡಿಯ ಮೇಲೂ ಹುಣ್ಣು ಕಾಣಿಸಿಕೊಳ್ಳುತ್ತದೆ.

ಈ ಮನೆಯಲ್ಲಿ ಕೆಟ್ಟವರು ಯಾರು? ಯಾರೂ ಅಲ್ಲ. ಮಗ ದುಡಿಯುತ್ತಾನೆ, ಸೊಸೆ ಸೇವೆ ಮಾಡುತ್ತಾಳೆ, ದೂರದ ಮಗ ಹಣ ಕೊಡುತ್ತಾನೆ. ಆದರೂ ಮಲಗಿದವರ ಮೈ ಕೊಳೆಯಿತು. ಹಾಗಾದರೆ ತಪ್ಪು ಎಲ್ಲಿದೆ? ಮಲಗಿರುವವರಿಗೆ ನಾವು ಸಲ್ಲಿಸಬೇಕಾದ ಋಣವಾದರೂ ಯಾವುದು? ಒಳ್ಳೆಯ ಹಾಸಿಗೆ ತಂದುಕೊಟ್ಟರೆ ಆ ಋಣ ತೀರುತ್ತದೆಯೇ? ಇಂಥ ಮನೆ ನಮ್ಮ ಓಣಿಯಲ್ಲೂ ಇರಬಹುದು. ಇವೊತ್ತಲ್ಲದಿದ್ದರೆ ನಾಳೆ ಅದು ನಮ್ಮದೇ ಮನೆಯೂ ಆಗಬಹುದು. ಆದ್ದರಿಂದ ಕೂಡಿ ಆಲೋಚಿಸೋಣ.

ಹುಣ್ಣು ಹೇಗೆ ಆಗುತ್ತದೆ?

ಮೊದಲು ಈ ಹುಣ್ಣನ್ನು ತಿಳಿದುಕೊಳ್ಳೋಣ. ನಾವು ಆರೋಗ್ಯವಂತರು ನಿದ್ದೆಯಲ್ಲಿಯೂ ಒಂದೇ ಮಗ್ಗುಲಲ್ಲಿ ಇರುವುದಿಲ್ಲ. ಒಂದು ಕಡೆ ಒತ್ತಿದಾಗ ಮೈ ತಾನಾಗಿಯೇ ಹೊರಳುತ್ತದೆ. ಲಕ್ವಾ ಹೊಡೆದವರಿಗೆ, ಬೆನ್ನುಹುರಿ ಮುರಿದವರಿಗೆ, ಪ್ರಜ್ಞೆಯಿಲ್ಲದವರಿಗೆ, ತೀರ ನಿತ್ರಾಣವಾದ ವೃದ್ಧರಿಗೆ ಆ ಶಕ್ತಿ ಇಲ್ಲ. ಆಗ ಒಳಗಿನ ಎಲುಬಿಗೂ ಹೊರಗಿನ ಹಾಸಿಗೆಗೂ ನಡುವೆ ಸಿಕ್ಕ ಮಾಂಸ ಮತ್ತು ಚರ್ಮ ಅದುಮಿಕೊಳ್ಳುತ್ತವೆ. ಪೈಪಿನ ಮೇಲೆ ಕಾಲಿಟ್ಟರೆ ನೀರು ನಿಲ್ಲುವಂತೆ ಸಣ್ಣ ರಕ್ತನಾಳಗಳಲ್ಲಿ ರಕ್ತ ನಿಲ್ಲುತ್ತದೆ. ಕೆಲವೇ ಗಂಟೆ ಹೀಗಾದರೆ ಆ ಭಾಗ ಸಾಯತೊಡಗುತ್ತದೆ. ಬಾಲದೆಲುಬು, ಹಿಮ್ಮಡಿ, ಸೊಂಟದ ಪಕ್ಕದ ಎಲುಬು, ಹೆಗಲ ಹಿಂಭಾಗ, ಮೊಣಕೈ, ತಲೆಯ ಹಿಂಭಾಗ ಮುಖ್ಯ ಅಪಾಯದ ಜಾಗಗಳು.

ಒತ್ತಡದ ಜೊತೆಗೆ ಉಜ್ಜಾಟ ಸೇರಿದರೆ ಇನ್ನೂ ಬೇಗ. ತಲೆಯ ಕಡೆಯನ್ನು ಬಹಳ ಎತ್ತರಿಸಿ ಕೂರಿಸಿದರೆ ರೋಗಿ ನಿಧಾನವಾಗಿ ಕೆಳಗೆ ಜಾರುತ್ತಾನೆ. ಚರ್ಮ ಹಾಸಿಗೆಗೆ ಅಂಟಿ ಅಲ್ಲೇ ಉಳಿಯುತ್ತದೆ, ಒಳಗಿನ ಎಲುಬು ಕೆಳಗೆ ಜಗ್ಗುತ್ತದೆ. ಮೂತ್ರ, ಮಲ, ಬೆವರಿನ ಒದ್ದೆ ಚರ್ಮವನ್ನು ಮೆತ್ತಗಾಗಿಸುತ್ತದೆ. ಸರಿಯಾದ ಊಟವಿಲ್ಲದೆ ಎಲುಬು ಎದ್ದ ದೇಹ, ಸಕ್ಕರೆ ಕಾಯಿಲೆ, ರಕ್ತಹೀನತೆ ಇದ್ದರೆ ಅಪಾಯ ಹೆಚ್ಚು.

ಮೊದಲ ಹಂತದಲ್ಲಿ ಚರ್ಮ ಹರಿಯುವುದಿಲ್ಲ, ಕೆಂಪಾಗುತ್ತದೆ ಅಷ್ಟೇ. ಬೆರಳಿನಿಂದ ಒತ್ತಿ ಬಿಟ್ಟಾಗ ಆ ಕೆಂಪು ಒಂದು ಕ್ಷಣ ಬಿಳಿಚಿಕೊಂಡರೆ ರಕ್ತ ಓಡಾಡುತ್ತಿದೆ ಎಂದರ್ಥ. ಒತ್ತಿದರೂ ಹಾಗೇ ಉಳಿದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಆ ಜಾಗ ಹೆಚ್ಚು ಕಪ್ಪಾಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಎರಡನೆಯ ಹಂತದಲ್ಲಿ ಬೊಬ್ಬೆ ಅಥವಾ ಸುಲಿದ ಗಾಯ. ಮೂರನೆಯದರಲ್ಲಿ ಕೊಬ್ಬಿನವರೆಗೆ, ನಾಲ್ಕನೆಯದರಲ್ಲಿ ಮಾಂಸ, ಎಲುಬಿನವರೆಗೆ ಕುಳಿ. ಹುತ್ತದಂತೆ ಹೊರಗೆ ಸಣ್ಣ ಬಾಯಿ, ಒಳಗೆ ದೊಡ್ಡ ಪೊಳ್ಳು ಇರುವುದೂ ಉಂಟು. ನಂಜು ಎಲುಬಿಗೆ, ರಕ್ತಕ್ಕೆ ಹತ್ತಿದರೆ ಪ್ರಾಣಕ್ಕೇ ಅಪಾಯ.

ಇದು ಹಣೆಬರಹವೇ?

"ಹಾಸಿಗೆ ಹಿಡಿದ ಮೇಲೆ ಹುಣ್ಣಾಗುವುದೇ" ಎಂದು ನಮ್ಮಲ್ಲಿ ಅನೇಕರು ಹೇಳುತ್ತಾರೆ. ಇದು ನಮ್ಮ ಹಳ್ಳಿಯವರ ಮಾತು ಮಾತ್ರವಲ್ಲ. 19ನೆಯ ಶತಮಾನದ ಪ್ರಸಿದ್ಧ ಫ್ರೆಂಚ್ ವೈದ್ಯ ಷಾರ್ಕೋ ಕೂಡ ನರಗಳ ಹಾನಿಯಿಂದಲೇ ಇಂಥ ಹುಣ್ಣುಗಳು ಬರುತ್ತವೆಂದು, ಅವು ಸಾವಿನ ಮುನ್ಸೂಚನೆಯೆಂದು ನಂಬಿದ್ದರು. ಹಾಗೆ ನಂಬಿದ ಮೇಲೆ ತಡೆಯುವ ಪ್ರಯತ್ನವಾದರೂ ಏಕೆ? ಎರಡನೆಯ ಮಹಾಯುದ್ಧದ ಕಾಲದವರೆಗೂ ಬೆನ್ನುಹುರಿ ಮುರಿದ ಸೈನಿಕರಲ್ಲಿ ಬಹುಪಾಲು ಜನ ಬದುಕಿ ಉಳಿಯುತ್ತಿರಲಿಲ್ಲ. ಹುಣ್ಣಿನ ನಂಜು ಮತ್ತು ಮೂತ್ರದ ನಂಜು ಅವರನ್ನು ಕೊಲ್ಲುತ್ತಿದ್ದವು.

1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂಥವರಿಗಾಗಿಯೇ ಒಂದು ವಿಭಾಗ ತೆರೆಯಿತು. ಅದನ್ನು ವಹಿಸಿಕೊಂಡವರು ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಯೆಹೂದಿ ವೈದ್ಯ ಲುಡ್ವಿಗ್ ಗುಟ್ಮನ್. ಅವರ ಕಟ್ಟಪ್ಪಣೆ ಒಂದೇ: ಹಗಲಿರಲಿ ರಾತ್ರಿಯಿರಲಿ, ಪ್ರತಿ ಎರಡು ಗಂಟೆಗೊಮ್ಮೆ ಪ್ರತಿ ರೋಗಿಯ ಮಗ್ಗುಲು ಬದಲಿಸಬೇಕು. ಹೊಸ ಔಷಧಿಯೇನೂ ಇದರಲ್ಲಿರಲಿಲ್ಲ. ಸಾಯುವವರೆಂದು ಜನ ಕೈಬಿಟ್ಟಿದ್ದವರು ಎದ್ದು ಗಾಲಿಕುರ್ಚಿಯಲ್ಲಿ ಕುಳಿತರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಆ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತವರ ಬಿಲ್ವಿದ್ಯೆಯ ಸ್ಪರ್ಧೆ ನಡೆಯಿತು. ಇಂದು ಲೋಕವೆಲ್ಲ ನೋಡುವ ಪ್ಯಾರಾಲಿಂಪಿಕ್ಸ್ ಕ್ರೀಡೆಗಳು ಬೆಳೆದದ್ದು ಅಲ್ಲಿಂದಲೇ.

ಇದರಿಂದ ನಾವು ಕಲಿಯುವ ಪಾಠವಿಷ್ಟು: ಹಣೆಬರಹ ಎಂದುಕೊಂಡದ್ದರಲ್ಲಿ ಬಹುಪಾಲು ಹಣೆಬರಹವಾಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಬರುವ ಕೈಗಳು ಇರಲಿಲ್ಲ, ಅಷ್ಟೇ.

ಹಳದೀಪುರದ ಮಗಳು

ಅಷ್ಟು ದೂರ ಹೋಗುವುದೇಕೆ? ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಬಳಿಯ ಹಳದೀಪುರದ ಮಗಳು ಅರುಣಾ ಶಾನಭಾಗರ ಕಥೆ ನಿಮಗೆ ಗೊತ್ತಿರಬಹುದು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಅಲ್ಲಿನ ಕೆಲಸಗಾರನೊಬ್ಬ ಕ್ರೂರವಾಗಿ ಹಲ್ಲೆ ಮಾಡಿದ. ಕತ್ತು ಬಿಗಿದು ಮಿದುಳಿಗೆ ಉಸಿರು ಸಾಲದೆ ಹೋಯಿತು. ಮಾತು, ನೋಟ, ನಡಿಗೆ ಎಲ್ಲ ಹೋದವು. 2015ರ ಮೇ 18ರಂದು ಕಣ್ಣು ಮುಚ್ಚುವವರೆಗೆ, ನಲವತ್ತೊಂದು ವರ್ಷಕ್ಕೂ ಮೀರಿ, ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು.

ಅವರಿಗೆ ಉಣಿಸುವುದನ್ನು ನಿಲ್ಲಿಸಿ ಸಾವಿಗೆ ಬಿಡಬೇಕೆಂದು ಲೇಖಕಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಅದೂ ಅರುಣಾರ ಮೇಲಿನ ಮರುಕದಿಂದಲೇ. 2011ರ ಮಾರ್ಚ್ 7ರಂದು ತೀರ್ಪು ಬಂತು. ಕೋರ್ಟು ಅರುಣಾರ ವಿಷಯದಲ್ಲಿ ಆ ಬೇಡಿಕೆಯನ್ನು ಒಪ್ಪಲಿಲ್ಲ. ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯವರೇ ಆಕೆಗೆ ಹತ್ತಿರದವರೆಂದು ಮನ್ನಿಸಿತು. ಕೋರ್ಟಿನ ಮುಂದೆ ಬಂದ ಒಂದು ಸಂಗತಿ ಅನೇಕರನ್ನು ಬೆರಗುಗೊಳಿಸಿತು: ಅಷ್ಟು ವರ್ಷ ಮಲಗಿದ್ದರೂ ಆಕೆಯ ಮೈಮೇಲೆ ಹಾಸಿಗೆ ಹುಣ್ಣು ಇರಲಿಲ್ಲ.

ಆಲೋಚಿಸಿ ನೋಡಿ. ಬದುಕೇ, ಸಾವೇ ಎಂಬ ದೊಡ್ಡ ಪ್ರಶ್ನೆಯನ್ನು ದೇಶವೆಲ್ಲ ಚರ್ಚಿಸಿತು. ಆ ಪ್ರಶ್ನೆ ದೊಡ್ಡದೇ, ಅದರ ಬಗ್ಗೆ ನಮ್ಮ ಧರ್ಮಸಭೆಯ ನಿಲುವೂ ಸ್ಪಷ್ಟವೇ. ಆದರೆ ಆ ವಾರ್ಡಿನ ನರ್ಸುಗಳು ಅದಕ್ಕಿಂತ ಚಿಕ್ಕದೊಂದು ಪ್ರಶ್ನೆಗೆ ದಿನವೂ ಉತ್ತರ ಕೊಡುತ್ತಿದ್ದರು: ಈಗ ಈಕೆಯನ್ನು ಹೊರಳಿಸುವವರು ಯಾರು? ಒಬ್ಬರು ನಿವೃತ್ತರಾದರೆ ಇನ್ನೊಬ್ಬರು. ಅರುಣಾರನ್ನು ಆರೋಗ್ಯದಲ್ಲಿ ಕಂಡೇ ಇರದ, ಅವರು ಹಾಸಿಗೆ ಹಿಡಿದಾಗ ಹುಟ್ಟಿಯೂ ಇರದ ಹುಡುಗಿಯರೂ ಆ ಪಾಳಿಯನ್ನು ವಹಿಸಿಕೊಂಡರು. ಆಕೆಯಿಂದ ಒಂದು "ಥ್ಯಾಂಕ್ಸ್" ಕೂಡ ಬರುವ ಆಸೆಯಿರಲಿಲ್ಲ.

2004ರ ಮಾರ್ಚ್ 20ರಂದು ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ಇಂಥ ರೋಗಿಗಳ ಬಗ್ಗೆ ವೈದ್ಯರನ್ನು ಉದ್ದೇಶಿಸಿ ಮಾತನಾಡಿದ್ದರು. ಆಹಾರ, ನೀರು, ಶುಚಿತ್ವ, ಬೆಚ್ಚನೆಯ ಆರೈಕೆ ಅವರ ಹಕ್ಕು ಎಂದ ಮೇಲೆ, ಹಾಸಿಗೆ ಹಿಡಿದುದರಿಂದಲೇ ಬರುವ ತೊಡಕುಗಳನ್ನು ತಡೆಯುವುದನ್ನೂ ಆ ಹಕ್ಕುಗಳಲ್ಲಿ ಸೇರಿಸಿದರು. ಹಕ್ಕು ಎಂಬ ಮಾತನ್ನು ಗಮನಿಸಿ. ಮಗ್ಗುಲು ಬದಲಿಸುವುದು ನಾವು ಮಾಡುವ ದಾನವಲ್ಲ, ಅವರಿಗೆ ಸಲ್ಲಬೇಕಾದ ಬಾಕಿ.

ಹಾಸಿಗೆ ಮಾಡುವುದೇನು, ಮಾಡದಿರುವುದೇನು?

ಹಾಗೆಂದು ಒಳ್ಳೆಯ ಹಾಸಿಗೆ ಬೇಡವೆಂದಲ್ಲ. ಸ್ಕಾಟ್ಲೆಂಡಿನ ವೈದ್ಯ ನೀಲ್ ಆರ್ನಾಟ್ 1832ರಲ್ಲೇ ಹುಣ್ಣು ತಡೆಯಲೆಂದು ನೀರಿನ ಹಾಸಿಗೆಯನ್ನು ಮಾಡಿದರು. ನೀರಿನ ತೊಟ್ಟಿಯ ಮೇಲೆ ರಬ್ಬರು ಬಟ್ಟೆ ಹಾಸಿ ರೋಗಿಯನ್ನು ತೇಲಿಸಿದಂತೆ ಮಲಗಿಸುವ ಉಪಾಯ ಅದು. ಭಾರ ಒಂದೇ ಎಲುಬಿನ ಮೇಲೆ ಬೀಳದೆ ಮೈಯೆಲ್ಲ ಹಂಚಿಹೋಗುತ್ತದೆ. ಇಂದು ನಮ್ಮ ಪೇಟೆಯ ಔಷಧಿ ಅಂಗಡಿಗಳಲ್ಲೂ ಕೆಲವು ಸಾವಿರ ರೂಪಾಯಿಗೆ ಗಾಳಿ ಹಾಸಿಗೆ ಸಿಗುತ್ತದೆ. ಸಣ್ಣ ಪಂಪು ಅದರ ಗುಳ್ಳೆಗಳಿಗೆ ಸರದಿಯ ಮೇಲೆ ಗಾಳಿ ತುಂಬಿ ಬಿಡುತ್ತದೆ. ಒತ್ತಡ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಹಣ ಸಾಲದವರಿಗೆ ಗಟ್ಟಿ ಸಾಂದ್ರತೆಯ ದಪ್ಪ ಫೋಮ್ ಹಾಸಿಗೆಯೂ ಒಳ್ಳೆಯದೇ. ಜೋತುಬಿದ್ದ ನುಲಿಯ ಹೊರಸು, ಗಂಟುಗಂಟಾದ ಹತ್ತಿ ಹಾಸಿಗೆ, ದಪ್ಪ ಹೊಲಿಗೆಯ ಕೌದಿ ಇವು ಮೈಯ ಕೆಳಗೆ ಬೇಡ.

ಆದರೆ ಹಾಸಿಗೆಗೆ ಕಣ್ಣಿಲ್ಲ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಗಾಳಿ ಇಳಿದರೆ ರೋಗಿ ಹಲಗೆಯ ಮೇಲೆ ಮಲಗಿದಂತೆಯೇ. ಹಾಸಿಗೆಯ ಕೆಳಗೆ, ಬಾಲದೆಲುಬಿನ ನೇರಕ್ಕೆ ಅಂಗೈ ಚಾಚಿ ನೋಡಿ. ಎಲುಬು ಕೈಗೆ ಹತ್ತುವಂತಿದ್ದರೆ ಆ ಹಾಸಿಗೆ ಕೆಲಸ ಮಾಡುತ್ತಿಲ್ಲ. ಹಿಮ್ಮಡಿಯ ಸಣ್ಣ ಎಲುಬನ್ನು ಗಾಳಿ ಹಾಸಿಗೆಯೂ ಪೂರ್ತಿ ಕಾಯಲಾರದು. ಒದ್ದೆಯಾದ ಬಟ್ಟೆಯನ್ನು ಅದು ಬದಲಿಸುವುದಿಲ್ಲ. ಬೆನ್ನು ಕಪ್ಪಾಗಿದೆಯೆಂದು ಹೇಳುವುದಿಲ್ಲ.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕ ಮತ್ತು ಕೆನಡಾದ ಆರೈಕೆ ಕೇಂದ್ರಗಳ ವೃದ್ಧರನ್ನು ಗಮನಿಸಿತು. ಗಟ್ಟಿ ಸಾಂದ್ರತೆಯ ಫೋಮ್ ಹಾಸಿಗೆ ಇದ್ದಾಗ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಹೊರಳಿಸಿದವರ ನಡುವೆ ಹುಣ್ಣಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಳಲಿದ ಮನೆಯವರಿಗೆ ಇದು ಒಳ್ಳೆಯ ಸುದ್ದಿ. ವೈದ್ಯರನ್ನು ಕೇಳಿ ರಾತ್ರಿಯ ಅಂತರವನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬಹುದು. ಆದರೆ ಗಮನಿಸಿ, ಅಲ್ಲಿಯೂ ಹೊರಳಿಸುವುದನ್ನು ಯಾರೂ ನಿಲ್ಲಿಸಲಿಲ್ಲ. ಒಳ್ಳೆಯ ಹಾಸಿಗೆ ಪಾಳಿಯನ್ನು ದೂರ ದೂರ ಮಾಡುತ್ತದೆ, ಪಾಳಿಯನ್ನು ಇಲ್ಲವಾಗಿಸುವುದಿಲ್ಲ. ದೊಡ್ಡ ಮಗ ಕಳುಹಿಸಿದ ಹಾಸಿಗೆ ಖಂಡಿತ ಪ್ರೀತಿಯೇ. ಅದು ಬಂದ ದಿನ ಮನೆಯವರೆಲ್ಲ ನೋಡುವುದನ್ನು ಬಿಟ್ಟರಲ್ಲ, ಅಲ್ಲಿ ತಪ್ಪಾಯಿತು.

ಮನೆಯಲ್ಲಿ ಮಾಡಬೇಕಾದ್ದು

ಬೆನ್ನಮೇಲೆ, ಎಡಕ್ಕೆ, ಬಲಕ್ಕೆ ಹೀಗೆ ಸರದಿಯಾಗಿ ಮಲಗಿಸಿ. ಪಕ್ಕಕ್ಕೆ ಎಂದರೆ ಪೂರ್ತಿ ಪಕ್ಕಕ್ಕಲ್ಲ. ಬೆನ್ನ ಹಿಂದೆ ದಿಂಬು ಕೊಟ್ಟು ಮೂವತ್ತು ಡಿಗ್ರಿಯಷ್ಟು ಓರೆಯಾಗಿಸಿದರೆ ಬಾಲದೆಲುಬಿಗೂ ಸೊಂಟದೆಲುಬಿಗೂ ಎರಡಕ್ಕೂ ಬಿಡುವು. ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ. ಎರಡು ಮೊಣಕಾಲುಗಳ ನಡುವೆ ಒಂದು ದಿಂಬು. ಊಟದ ಹೊತ್ತು ಬಿಟ್ಟು ಉಳಿದ ಸಮಯದಲ್ಲಿ ತಲೆಯ ಕಡೆ ಬಹಳ ಎತ್ತರ ಬೇಡ. ಮೇಲಕ್ಕೆ ಸರಿಸುವಾಗ ಕಂಕುಳಲ್ಲಿ ಕೈಹಾಕಿ ಎಳೆಯಬೇಡಿ. ಮಡಿಸಿದ ಧೋತರವನ್ನೋ ಹಳೆಯ ಸೀರೆಯನ್ನೋ ಮೈಯ ಕೆಳಗೆ ಹಾಸಿ, ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಿ.

ಹಿಂದೆ ಕೆಂಪಾದ ಜಾಗಕ್ಕೆ ಸ್ಪಿರಿಟ್ ಹಚ್ಚಿ ಬಲವಾಗಿ ತಿಕ್ಕುತ್ತಿದ್ದರು. ಈಗ ಅದು ಕೂಡದೆನ್ನುತ್ತಾರೆ, ತಿಕ್ಕಿದರೆ ಒಳಗಿನ ಗಾಯ ಹೆಚ್ಚುತ್ತದೆ. ಬಳೆಯಂಥ ರಬ್ಬರು ರಿಂಗಿನ ಮೇಲೆ ಕೂರಿಸುವುದೂ ಬೇಡ, ಅದರ ಅಂಚು ಸುತ್ತಲೂ ರಕ್ತ ತಡೆಯುತ್ತದೆ. ದಿನಕ್ಕೊಮ್ಮೆಯಾದರೂ ಬೆಳಕಿನಲ್ಲಿ ಮೈಯೆಲ್ಲ ನೋಡಿ. ಒದ್ದೆಯಾದ ಕೂಡಲೇ ಒರೆಸಿ ಬಟ್ಟೆ ಬದಲಿಸಿ. ತತ್ತಿ, ಬೇಳೆ, ಹಾಲು, ಮೀನು ಇವುಗಳಲ್ಲಿ ಅವರಿಗೆ ಸೇರುವುದನ್ನು, ವೈದ್ಯರು ಬೇಡವೆನ್ನದಿದ್ದರೆ, ಧಾರಾಳವಾಗಿ ಕೊಡಿ. ಬೊಬ್ಬೆ ಎದ್ದರೆ, ಚರ್ಮ ಸುಲಿದರೆ, ವಾಸನೆ ಅಥವಾ ಜ್ವರ ಬಂದರೆ ಮನೆಮದ್ದು ಹಚ್ಚುತ್ತ ಕೂರದೆ ಆಸ್ಪತ್ರೆಗೆ ತೋರಿಸಿ.

ಪಾಳಿ ಯಾರದು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಎರಡು ಗಂಟೆಗೊಮ್ಮೆ ಎಂದರೆ ದಿನಕ್ಕೆ 12 ಸಲ, ವರ್ಷಕ್ಕೆ 4,380 ಸಲ. ಒಂದು ಸಲಕ್ಕೆ ಐದು ನಿಮಿಷ ಎಂದುಕೊಂಡರೂ ದಿನಕ್ಕೆ ಒಟ್ಟು ಒಂದೇ ಗಂಟೆಯ ಕೆಲಸ. ಒಂದು ಗಂಟೆಯ ಕೆಲಸ ಭಾರವೇನಲ್ಲ. ಆದರೆ ಆ ಒಂದು ಗಂಟೆ ಹಗಲು ರಾತ್ರಿಗಳಲ್ಲಿ ಹನ್ನೆರಡು ಚೂರಾಗಿ ಹರಡಿಕೊಂಡಿದೆ. ಅದನ್ನು ಒಬ್ಬರೇ ಹೊತ್ತರೆ ಅವರಿಗೆ ಪೂರ್ತಿ ನಿದ್ದೆಯಿಲ್ಲ, ಸಂತೆಗೆ ಹೋಗುವಂತಿಲ್ಲ, ತವರಿಗೆ ಹೋಗುವಂತಿಲ್ಲ, ಭಾನುವಾರದ ಪೂಜೆಗೂ ನೆಮ್ಮದಿಯಿಂದ ಕೂರುವಂತಿಲ್ಲ. ನಾಲ್ವರು ಹಂಚಿಕೊಂಡರೆ ತಲೆಗೆ ಮೂರು ಸಲ.

ನಮ್ಮ ಮನೆಗಳಲ್ಲಿ ಆ "ಒಬ್ಬರು" ಯಾರೆಂದು ಹೇಳಬೇಕಾಗಿಲ್ಲ. ಸೊಸೆ, ಇಲ್ಲವೇ ಮದುವೆಯಾಗದ ಮಗಳು, ಇಲ್ಲವೇ ತಾನೇ ಮುಪ್ಪಾದ ಹೆಂಡತಿ. "ನಮ್ಮ ಸೊಸೆ ದೇವತೆ ಇದ್ದಂಗ" ಎಂದು ಹೊಗಳುತ್ತೇವೆ. ಹೊಗಳಿಕೆ ಎಷ್ಟೋ ಸಲ ನಮ್ಮ ಪಾಳಿಯನ್ನು ಅವಳ ಮೇಲೆ ಹೊರಿಸುವ ಉಪಾಯವಾಗಿರುತ್ತದೆ. 19ನೆಯ ಶತಮಾನದಲ್ಲೇ ಫ್ಲಾರೆನ್ಸ್ ನೈಟಿಂಗೇಲ್ ರೋಗಿಗೆ ಹಾಸಿಗೆ ಹುಣ್ಣಾದರೆ ಸಾಮಾನ್ಯವಾಗಿ ಅದು ರೋಗದ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂಬರ್ಥದಲ್ಲಿ ಬರೆದಿದ್ದರು. ಮಾತು ನಿಜ. ಆದರೆ ಆ ತಪ್ಪನ್ನು ಹಗಲೂ ರಾತ್ರಿ ದಣಿದ ಒಬ್ಬ ಹೆಣ್ಣುಮಗಳ ತಲೆಗೆ ಕಟ್ಟಿದರೆ ಅದು ಎರಡನೆಯ ಅನ್ಯಾಯ. ನಾನು ಮೊದಲು ಹೇಳಿದ ಮನೆಯಲ್ಲಿ ಹುಣ್ಣು ಸೊಸೆಯ ತಪ್ಪಿನಿಂದ ಆದದ್ದಲ್ಲ. ಪಾಳಿಯೇ ಹಂಚಿಕೆಯಾಗದೆ ಆದದ್ದು. ಮಾವನ ಸಂಕೋಚ ನ್ಯಾಯವಾದದ್ದೇ. ಮರ್ಯಾದೆ ಉಳಿಸಿಕೊಳ್ಳುವುದು ರೋಗಿಯ ಹಕ್ಕೂ ಹೌದು. ಆ ಸಂಕೋಚಕ್ಕೆ ಉತ್ತರ ಕೊಡಬೇಕಾದವನು ಮಗ. ನೀರಿನ ಪಾಳಿಗೆ ಎರಡು ಗಂಟೆಗೆ ಏಳುವ ಅದೇ ಕೈಗಳು ಅಪ್ಪನ ಬೆನ್ನನ್ನೂ ನೋಡಬಲ್ಲವು. "ಇದು ಹೆಂಗಸರ ಕೆಲಸ" ಎಂಬ ಮಾತು ಗದ್ದೆಯಲ್ಲಿ ನಡೆಯುವುದಿಲ್ಲ. ಅಪ್ಪನ ಹಾಸಿಗೆಯ ಬಳಿ ಏಕೆ ನಡೆಯಬೇಕು?

ದೂರದ ಮಗನಿಗೂ ಪಾಳಿಯುಂಟು. ರಜೆಯಲ್ಲಿ ಬಂದಾಗ ಹಣ್ಣಿನ ಚೀಲ ಇಟ್ಟು ಮರಳುವ ಬದಲು, "ಇವತ್ತು ರಾತ್ರಿ ನಾ ಇರ್ತೀನಿ, ನೀವು ಮಲಗ್ರಿ" ಎಂದು ತಮ್ಮನ ಹೆಂಡತಿಗೆ ಹೇಳಲಿ. ಬರಲಾಗದ ತಿಂಗಳು, ಸಹಾಯಕ್ಕೆ ಒಬ್ಬರನ್ನು ಇಡುವ ಸಂಬಳ ಅವನ ಪಾಳಿ.

ಕೆಲವು ಸಂದೇಹಗಳು

"ಬಾಧೆ ದೇವರು ಕೊಟ್ಟ ಶಿಲುಬೆಯಲ್ಲವೇ, ಸಹಿಸಿಕೊಳ್ಳಲಿ" ಎನ್ನುವವರಿದ್ದಾರೆ. ರೋಗವನ್ನು ತಾಳ್ಮೆಯಿಂದ ಹೊರುವುದು ರೋಗಿಗೆ ಬಿಟ್ಟ ವಿಷಯ. ಬೇರೆಯವರ ಶಿಲುಬೆಗೆ ನಮ್ಮ ಉದಾಸೀನದ ಭಾರವನ್ನು ಸೇರಿಸುವ ಅಧಿಕಾರ ನಮಗಿಲ್ಲ. ಲಕ್ವಾ ನಾವು ತಂದದ್ದಲ್ಲ, ಹುಣ್ಣಿನಲ್ಲಿ ನಮ್ಮ ಪಾಲಿರಬಹುದು.

"ಅವರಿಗೆ ಪ್ರಜ್ಞೆಯೇ ಇಲ್ಲ, ನೋವು ಗೊತ್ತಾಗುವುದಿಲ್ಲ" ಎಂಬುದು ಇನ್ನೊಂದು ಮಾತು. ಗೊತ್ತಾಗದವರನ್ನೇ ನಾವು ಹೆಚ್ಚು ಕಾಯಬೇಕು. ತೊಟ್ಟಿಲ ಮಗು ಬಾಯಿಬಿಟ್ಟು ಅಳುತ್ತದೆ, ಇವರು ಅಳಲಾರರು.

ಇನ್ನೊಂದು ಸಂದೇಹ ಬೇರೆ ಬಗೆಯದು. ಎಲ್ಲ ಮಾಡಿಯೂ ಹುಣ್ಣಾದ ಮನೆಯವರು "ನಮ್ಮಿಂದಲೇ ಹೀಗಾಯಿತು" ಎಂದು ಕೊರಗುತ್ತಾರೆ. ಅವರಿಗೆ ಹೇಳಬೇಕು: ಎಲ್ಲ ಹುಣ್ಣುಗಳನ್ನೂ ತಡೆಯಲಾಗದು. ಸೂಪರ್‌ಮ್ಯಾನ್ ಪಾತ್ರದ ಅಮೆರಿಕದ ನಟ ಕ್ರಿಸ್ಟೋಫರ್ ರೀವ್ ಕುದುರೆಯಿಂದ ಬಿದ್ದು ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಹಣಕ್ಕೂ ಆರೈಕೆಗೂ ಕೊರತೆಯಿರಲಿಲ್ಲ. ಆದರೂ 2004ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಅವರು ನಂಜೇರಿದ ಹುಣ್ಣಿಗೆ ಚಿಕಿತ್ಸೆ ಪಡೆಯುತ್ತಿದ್ದರು. ಸಾವು ಹತ್ತಿರವಾದಾಗ ಉಳಿದ ಅಂಗಗಳಂತೆ ಚರ್ಮವೂ ಸೋಲುತ್ತದೆ. ಕೊನೆಯ ದಿನಗಳಲ್ಲಿ ಹೊರಳಿಸುವುದೇ ಹಿಂಸೆಯಾದರೆ, ವೈದ್ಯರನ್ನು ಕೇಳಿ, ಅವರಿಗೆ ಹಿತವೆನಿಸುವ ಮಗ್ಗುಲಲ್ಲಿ ಇರಗೊಡುವುದೂ ಪ್ರೀತಿಯೇ. ದೇವರು ನಮ್ಮಿಂದ ಗೆಲುವನ್ನು ಕೇಳುವುದಿಲ್ಲ, ಪಾಳಿಗೆ ಬಂದೆಯಾ ಎಂದು ಕೇಳುತ್ತಾರೆ.

ಹೆಬ್ಬಾಗಿಲ ಲಾಜರ

ಸಂತ ಲೂಕರ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ ಧನಿಕ ಮತ್ತು ಲಾಜರನ ಸಾಮತಿ ನಮಗೆಲ್ಲ ಗೊತ್ತು. ಲಾಜರನ ಮೈತುಂಬ ಹುಣ್ಣುಗಳಿದ್ದವು. ಧನಿಕ ಅವನಿಗೆ ಹೊಡೆದನೆಂದಾಗಲಿ ಬೈದು ಓಡಿಸಿದನೆಂದಾಗಲಿ ಅಲ್ಲಿ ಬರೆದಿಲ್ಲ. ದಿನವೂ ಅದೇ ಬಾಗಿಲಲ್ಲಿ ಹಾದುಹೋದ, ಅಷ್ಟೇ. ಹುಣ್ಣುಗಳ ಹತ್ತಿರ ಬಂದದ್ದು ನಾಯಿಗಳು ಮಾತ್ರ. ನಮ್ಮ ಲಾಜರ ಹೆಬ್ಬಾಗಿಲ ಹೊರಗಿಲ್ಲ, ಒಳಗಿನ ಕೋಣೆಯಲ್ಲಿ ಮಲಗಿದ್ದಾರೆ. ಬಾಗಿಲಲ್ಲಿ ನಿಂತು "ಹೆಂಗ ಅದೀರಿ?" ಎಂದು ಕೇಳಿ ಹೋಗುವುದು ಸುಲಭ. ಬೆನ್ನು ತೋರಿಸಿ ಎನ್ನುವುದು ಕಷ್ಟ.

ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದಂದು, ಧರ್ಮಸಭೆ ರೋಗಿಗಳ ದಿನವನ್ನು ಆಚರಿಸುತ್ತದೆ. 1993ರಿಂದ ಈ ಆಚರಣೆ ನಡೆದುಬಂದಿದೆ. ಆ ದಿನ ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಅದರ ಜೊತೆಗೆ ಪ್ರತಿ ಧರ್ಮಕೇಂದ್ರವೂ ಮೂರು ಚಿಕ್ಕ ಕೆಲಸ ಮಾಡಬಹುದು. ನಮ್ಮಲ್ಲಿ ಹಾಸಿಗೆ ಹಿಡಿದವರು ಎಷ್ಟು ಮನೆಗಳಲ್ಲಿದ್ದಾರೆಂದು ಒಂದು ಪಟ್ಟಿ. ಒಂದು ಮನೆಯಲ್ಲಿ ಬೇಡವಾದ ಗಾಳಿ ಹಾಸಿಗೆ ಇನ್ನೊಂದು ಮನೆಗೆ ಹೋಗುವ ಏರ್ಪಾಡು. ಮತ್ತು ವಾರಕ್ಕೆ ಒಂದು ಮಧ್ಯಾಹ್ನ ಆ ಮನೆಯ ಪಾಳಿಯನ್ನು ವಹಿಸಿಕೊಳ್ಳುವ ಇಬ್ಬರು. ಗಂಡಸು ರೋಗಿಗೆ ಗಂಡಸರು, ಹೆಂಗಸಿಗೆ ಹೆಂಗಸರು. ಅಷ್ಟು ಹೊತ್ತು ಆ ಸೊಸೆ ಮಲಗಲಿ. ಮನೆಗೆ ಪರಮಪ್ರಸಾದ ಒಯ್ಯುವವರು, ಜಪಸರ ಹೇಳಲು ಹೋಗುವವರು ಹೊರಡುವ ಮುನ್ನ "ಮಗ್ಗುಲು ಬದಲಿಸಲು ಒಂದು ಕೈ ಹಚ್ಚಲೇ?" ಎಂದು ಕೇಳಲಿ. ರೋಗಿ ಕ್ರೈಸ್ತರೇ ಆಗಿರಬೇಕೆಂದೇನೂ ಇಲ್ಲ. ನೆರೆಮನೆಯವರಾದರೆ ಸಾಕು.

ಪ್ರಿಯ ಓದುಗರೇ, ಈ ಪತ್ರಿಕೆಯನ್ನು ಮಡಿಸಿಟ್ಟ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಮಲಗಿದವರಿದ್ದರೆ ಒಂದು ಹಾಳೆಯಲ್ಲಿ ಹನ್ನೆರಡು ಸಾಲು ಎಳೆದು, ಪ್ರತಿ ಎರಡು ಗಂಟೆಗೆ ಒಬ್ಬರ ಹೆಸರು ಬರೆದು ಗೋಡೆಗೆ ಹಚ್ಚಿ. ಎಲ್ಲ ಸಾಲಿನಲ್ಲೂ ಒಬ್ಬರದೇ ಹೆಸರು ಬರುವಂತಿದ್ದರೆ ಅಲ್ಲಿಗೇ ನಿಲ್ಲಿಸಿ ಮನೆಯವರನ್ನೆಲ್ಲ ಕರೆಯಿರಿ. ನಿಮ್ಮ ಮನೆಯಲ್ಲಿ ಯಾರೂ ಮಲಗಿಲ್ಲದಿದ್ದರೆ ದೇವರಿಗೆ ಸ್ತೋತ್ರ ಹೇಳಿ, ಪಕ್ಕದ ಮನೆಯ ಹಾಳೆಯಲ್ಲಿ ನಿಮ್ಮ ಹೆಸರು ಬರೆಯಲು ಒಂದು ಸಾಲು ಕೇಳಿ.